ಮೂಳೆಗೆ ಬೆಸೆದ ಕಾಲು

ಕೃತಕ ಕಾಲು ಎಂದೊಡನೆ ನಮ್ಮ ಗಮನವು ಪಾದದ ಕಡೆಗೋ ಮಂಡಿಯ ಕೀಲಿನ ಕಡೆಗೋ ಹರಿಯುವುದು ಸಹಜ. 1968ರಲ್ಲಿ ಜಯಪುರದಲ್ಲಿ ರಾಮಚಂದ್ರ ಶರ್ಮ ಮತ್ತು ಡಾಕ್ಟರ್ ಪಿ. ಕೆ. ಸೇಠಿ ಅವರು ರೂಪಿಸಿದ ರಬ್ಬರಿನ ಪಾದದ ಹೆಸರು ನಮ್ಮಲ್ಲಿ ಅನೇಕರಿಗೆ ಪರಿಚಿತವಾಗಿದೆ. ಆದರೆ ಕೃತಕ ಕಾಲನ್ನು ದಿನವೆಲ್ಲ ಧರಿಸಬೇಕಾದವರಿಗೆ ಹೆಚ್ಚಿನ ತೊಂದರೆ ಬರುವುದು ಪಾದದಿಂದಲ್ಲ. ಕಾಲು ದೇಹಕ್ಕೆ ಸೇರುವ ಸ್ಥಳದಿಂದ.

ತೊಡೆಯ ನಡುವೆ ಕಾಲನ್ನು ಕಳೆದುಕೊಂಡ ಒಬ್ಬನನ್ನು ಊಹಿಸಿಕೊಳ್ಳೋಣ. ಉಳಿದ ತೊಡೆಯನ್ನು ಆತನು ಆಳವಾದ ಬಟ್ಟಲಿನಂತಹ ಒಂದು ಕವಚದೊಳಕ್ಕೆ ಇಳಿಸುತ್ತಾನೆ. ಇದಕ್ಕೆ ಸಾಕೆಟ್ ಎಂದು ಹೆಸರು. ದೇಹದ ಭಾರವನ್ನು ಹೊರಲೆಂದು ಪ್ರಕೃತಿಯು ಅಂಗಾಲಿಗೆ ದಪ್ಪ ಚರ್ಮವನ್ನೂ ಕೊಬ್ಬಿನ ಮೆತ್ತೆಯನ್ನೂ ಕೊಟ್ಟಿದೆ. ತೊಡೆಯ ಚರ್ಮಕ್ಕೆ ಈ ಅನುಕೂಲವಿಲ್ಲ. ಗಾಳಿಯಾಡದ ಕವಚದಲ್ಲಿ ಬೆವರು ನಿಲ್ಲುತ್ತದೆ, ಚರ್ಮ ಉಜ್ಜುತ್ತದೆ, ಹುಣ್ಣಾಗುತ್ತದೆ. ಹುಣ್ಣು ಮಾಯುವವರೆಗೆ ಕಾಲನ್ನು ಮೂಲೆಗಿಟ್ಟು ಊರುಗೋಲನ್ನು ಹಿಡಿಯಬೇಕು. ಅಲ್ಲದೆ ತೊಡೆಯ ಗಾತ್ರ ಒಂದೇ ಸಮನಾಗಿರುವುದಿಲ್ಲ; ಬೆಳಿಗ್ಗೆ ಬಿಗಿಯಾಗಿ ಕುಳಿತ ಸಾಕೆಟ್ಟು ಸಂಜೆಗೆ ಸಡಿಲವಾಗಬಹುದು. ಕುರ್ಚಿಯ ಮೇಲೆ ಕುಳಿತರೆ ಅದರ ಅಂಚು ತೊಡೆಸಂದಿಗೆ ಒತ್ತುತ್ತದೆ.

ಯಂತ್ರಶಾಸ್ತ್ರದ ದೃಷ್ಟಿಯಿಂದಲೂ ಈ ಜೋಡಣೆ ತೃಪ್ತಿಕರವಲ್ಲ. ಹಿಡಿ ಸಡಿಲವಾದ ಗುದ್ದಲಿಯಿಂದ ಅಗೆದವರಿಗೆ ಇದರ ಕಾರಣ ಕೂಡಲೇ ಹೊಳೆಯುತ್ತದೆ. ಸಾಕೆಟ್ಟಿನ ಹಿಡಿತವಿರುವುದು ಮಾಂಸದ ಮೇಲೆ, ಮೂಳೆಯ ಮೇಲಲ್ಲ. ತೊಡೆಯ ಮೂಳೆ ಮೊದಲು ಮೆತ್ತನೆಯ ಮಾಂಸದೊಳಗೆ ಅಲುಗಿ, ಆಮೇಲೆ ಕೃತಕ ಕಾಲನ್ನು ಎಳೆಯುತ್ತದೆ. ಶ್ರಮದ ಒಂದು ಪಾಲು ಹೀಗೆ ವ್ಯರ್ಥವಾಗುತ್ತದೆ.

ಪರಿಹಾರಗಳು ಬಾರದೆ ಇರಲಿಲ್ಲ. ಗಾಳಿಯ ಒತ್ತಡದ ಅಂತರದಿಂದಲೇ ಕಾಲನ್ನು ಹಿಡಿದಿಡುವ ಸಾಕೆಟ್ಟಿಗೆ ಅಮೆರಿಕದ ಡುಬಾಯ್ಸ್ ಪಾರ್ಮಲೀ 1863ರಲ್ಲಿಯೇ ಪೇಟೆಂಟ್ ಪಡೆದಿದ್ದನು. 1980ರ ದಶಕದಲ್ಲಿ ಐಸ್‌ಲೆಂಡಿನ ಓಸರ್ ಕ್ರಿಸ್ಟಿನ್‌ಸನ್ ಅವರು ಕಾಲುಚೀಲದಂತೆ ಉರುಳಿಸಿ ಏರಿಸುವ ಸಿಲಿಕೋನ್ ಒಳಪದರವನ್ನು ತಂದರು. ಇವುಗಳಿಂದ ನೋವು ಕಡಿಮೆಯಾಯಿತೇ ಹೊರತು ಮೂಲದ ತೊಡಕು ಹಾಗೆಯೇ ಉಳಿಯಿತು.

ಸಾಕೆಟ್ಟನ್ನೇ ಬಿಟ್ಟುಬಿಡುವ ದಾರಿ ತೆರೆದುದು ಒಂದು ಆಕಸ್ಮಿಕದಿಂದ. 1950ರ ದಶಕದಲ್ಲಿ ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ವಿಜ್ಞಾನಿ ಮೊಲದ ಕಾಲಿನ ಮೂಳೆಯೊಳಗೆ ರಕ್ತ ಹರಿಯುವುದನ್ನು ಕಾಣಲು ಟೈಟಾನಿಯಂ ಲೋಹದ ಸಣ್ಣ ನೋಟಕವನ್ನು ಕೂರಿಸಿದ್ದರು. ಕೆಲಸ ಮುಗಿದ ಮೇಲೆ ಅದನ್ನು ಕೀಳಲು ಹೋದರೆ ಬರಲೊಲ್ಲದು! ಮೂಳೆಯು ಲೋಹದ ಮೈಗೆ ನೇರವಾಗಿ ಬೆಳೆದು ಅಂಟಿಕೊಂಡಿತ್ತು. 1965ರಲ್ಲಿ ಅವರು ಈ ಗುಣವನ್ನು ದವಡೆಯಲ್ಲಿ ಕೃತಕ ಹಲ್ಲು ನಿಲ್ಲಿಸಲು ಬಳಸಿದರು. 1990ರಲ್ಲಿ ಅವರ ಮಗ ರಿಕಾರ್ಡ್ ಮತ್ತು ಸಂಗಡಿಗರು ಗೋಥೆನ್‌ಬರ್ಗ್ ನಗರದಲ್ಲಿ ತೊಡೆಯ ಮೂಳೆಗೆ ಇದನ್ನೇ ಅನ್ವಯಿಸಿದರು.

ವಿಧಾನ ಹೀಗಿದೆ. ಮೊದಲನೆಯ ಶಸ್ತ್ರಚಿಕಿತ್ಸೆಯಲ್ಲಿ ಮೂಳೆಯ ಮಜ್ಜೆಯ ಕಾಲುವೆಯೊಳಗೆ ಟೈಟಾನಿಯಂ ತಿರುಪನ್ನು ಬಿಗಿದು ಗಾಯವನ್ನು ಮುಚ್ಚುತ್ತಾರೆ. ಸುಮಾರು ಆರು ತಿಂಗಳು ಕಾಯುತ್ತಾರೆ. ಎರಡನೆಯದರಲ್ಲಿ ಆ ತಿರುಪಿಗೆ ಒಂದು ಸರಳನ್ನು ಸೇರಿಸಿ ಚರ್ಮದ ಹೊರಕ್ಕೆ ತರುತ್ತಾರೆ. ಕೃತಕ ಕಾಲನ್ನು ಸಿಕ್ಕಿಸುವುದು ಈ ಸರಳಿಗೇ. ಆದರೂ ಕೂಡಲೇ ನಡೆಯುವಂತಿಲ್ಲ. ಮನೆಯಲ್ಲಿ ತೂಕ ನೋಡುವ ಸಾಧಾರಣ ತಕ್ಕಡಿಯ ಮೇಲೆ ಸರಳನ್ನು ಒತ್ತಿ, ಮೊದಲು ಸುಮಾರು 20 ಕಿಲೋಗ್ರಾಂ, ಬಳಿಕ ವಾರವಾರಕ್ಕೆ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ ಮೂಳೆಯನ್ನು ಭಾರಕ್ಕೆ ಒಗ್ಗಿಸಬೇಕು. ನೋವು ಕಂಡರೆ ಹಿಂದಕ್ಕೆ ಸರಿಯಬೇಕು. ಇಷ್ಟೊಂದು ಸೂಕ್ಷ್ಮ ಚಿಕಿತ್ಸೆಯಲ್ಲಿ ಅಂಗಡಿಯ ತಕ್ಕಡಿಗೂ ಸ್ಥಾನವಿರುವುದು ನಮಗೆ ಸಂತೋಷವನ್ನುಂಟುಮಾಡುತ್ತದೆ.

ಫಲವನ್ನು ಅಳೆಯುವುದು ಹೇಗೆ? 1999ರಿಂದ 2007ರವರೆಗೆ ಗೋಥೆನ್‌ಬರ್ಗಿನಲ್ಲಿ 51 ಮಂದಿಯ 55 ತೊಡೆಗಳಿಗೆ ಈ ಚಿಕಿತ್ಸೆ ಮಾಡಿ, ಎರಡು ವರ್ಷ ಅವರನ್ನು ಗಮನಿಸಲಾಯಿತು. ಎಷ್ಟು ಹೊತ್ತು ಕಾಲನ್ನು ಧರಿಸುವಿರಿ, ಎಷ್ಟು ಚಲಿಸಬಲ್ಲಿರಿ, ಏನೇನು ತೊಂದರೆ ಎಂಬ ಪ್ರಶ್ನೆಗಳಿಗೆ ಚಿಕಿತ್ಸೆಯ ಮೊದಲೂ ಅನಂತರವೂ ಉತ್ತರ ಪಡೆದು ಅಂಕಗಳನ್ನು ಹೋಲಿಸಿದರು. ಅಂಕಗಳು ಸ್ಪಷ್ಟವಾಗಿ ಏರಿದ್ದುವು. ನೂರಕ್ಕೆ 92ರಷ್ಟು ತಿರುಪುಗಳು ಭದ್ರವಾಗಿ ಉಳಿದಿದ್ದುವು. ಯಾರೂ ನಿರೀಕ್ಷಿಸದಿದ್ದ ಇನ್ನೊಂದು ಲಾಭವೂ ಈ ವಿಧಾನದಲ್ಲಿ ಕಂಡುಬಂದಿದೆ. ನೆಲದ ಕಂಪನ ಮೂಳೆಯ ಮೂಲಕ ನೇರವಾಗಿ ಏರಿಬರುವುದರಿಂದ, ಕಾಲ ಕೆಳಗಿರುವುದು ಹುಲ್ಲೋ ಗಟ್ಟಿನೆಲವೋ ಎಂಬುದು ನಡೆಯುವವನಿಗೆ ತಿಳಿಯುತ್ತದೆ.

ಹಾಗಾದರೆ ಎಲ್ಲರಿಗೂ ಇದನ್ನೇ ಏಕೆ ಮಾಡಬಾರದು? ಚರ್ಮವೆಂಬುದು ಕೋಟೆಯ ಗೋಡೆ. ಸರಳು ಹೊರಬರುವ ರಂಧ್ರ ಆ ಗೋಡೆಯಲ್ಲಿ ಸದಾ ತೆರೆದ ಬಾಗಿಲು. ಮೇಲಿನ ಪರೀಕ್ಷೆಯಲ್ಲಿ ಅತಿ ಹೆಚ್ಚಾಗಿ ಕಂಡ ತೊಂದರೆಯೆಂದರೆ ಈ ಬಾಗಿಲಿನ ಸೋಂಕೇ. ಬಹುಪಾಲು ಔಷಧದಿಂದ ವಾಸಿಯಾಗುತ್ತದೆ. ಆದರೆ ಸೋಂಕು ಮೂಳೆಗೆ ಇಳಿದರೆ ತಿರುಪನ್ನೇ ತೆಗೆಯಬೇಕಾಗಿ ಬರಬಹುದು.

ಲಂಡನ್ನಿನ ಗಾರ್ಡನ್ ಬ್ಲನ್ ಮತ್ತು ಸಂಗಡಿಗರು ಇದಕ್ಕೆ ಉಪಾಯವನ್ನು ಜಿಂಕೆಯಲ್ಲಿ ಹುಡುಕಿದರು. ಜಿಂಕೆಯ ಕೊಂಬು ಮೂಳೆಯೇ. ಅದು ಚರ್ಮವನ್ನು ತೂರಿ ಹೊರಬಂದಿದ್ದರೂ ಅಲ್ಲಿ ಕೀವಾಗುವುದಿಲ್ಲ. ಚರ್ಮದ ಅಡಿಯಲ್ಲಿರುವ ಅದರ ಬುಡದಲ್ಲಿ ಸಣ್ಣ ರಂಧ್ರಗಳಿದ್ದು, ಅಂಗಾಂಶವು ಅವುಗಳಲ್ಲಿ ಹೊಕ್ಕು ಭದ್ರವಾಗಿ ಅಂಟಿಕೊಂಡಿರುತ್ತದೆ. ಅದೇ ಮಾದರಿಯಲ್ಲಿ ಲೋಹಕ್ಕೂ ರಂಧ್ರವಿಟ್ಟರು. 2009ರಲ್ಲಿ ಜರ್ಸಿ ದ್ವೀಪದ ಆಸ್ಕರ್ ಎಂಬ ಬೆಕ್ಕು ಕೊಯ್ಲಿನ ಯಂತ್ರಕ್ಕೆ ಸಿಕ್ಕಿ ಎರಡೂ ಹಿಂಗಾಲಿನ ಪಾದಗಳನ್ನು ಕಳೆದುಕೊಂಡಾಗ, ಪಶುವೈದ್ಯ ನೋಯಲ್ ಫಿಟ್ಸ್‌ಪ್ಯಾಟ್ರಿಕ್ ಅವರು ಇಂತಹ ಗೂಟಗಳನ್ನೇ ಕೂರಿಸಿ ಅದನ್ನು ಮತ್ತೆ ನಡೆಯಿಸಿದರು.

ಸ್ವೀಡನ್ನಿನ ವಿಧಾನಕ್ಕೆ ಅಮೆರಿಕದ ಸರ್ಕಾರ 2020ರ ಡಿಸೆಂಬರಿನಲ್ಲಿ ಪೂರ್ಣ ಸಮ್ಮತಿ ನೀಡಿತು. ಅದೂ ಅಪಘಾತದಿಂದಲೋ ಕ್ಯಾನ್ಸರಿನಿಂದಲೋ ಕಾಲನ್ನು ಕಳೆದುಕೊಂಡು, ಸಾಕೆಟ್ಟು ಒಗ್ಗದವರಿಗೆ ಮಾತ್ರ. ಸಿಹಿಮೂತ್ರದಿಂದ ರಕ್ತನಾಳಗಳು ಕೆಟ್ಟು ಕಾಲು ಹೋದವರ ಸಂಖ್ಯೆಯೇ ದೊಡ್ಡದು. ಅವರಲ್ಲಿ ಗಾಯ ಮಾಯುವುದೂ ನಿಧಾನ, ಸೋಂಕಿನ ಭಯವೂ ಅಧಿಕ. ಅವರ ಪಾಲಿಗೆ ಇಂದಿಗೂ ಇರುವುದು ಆ ಹಳೆಯ ಬಟ್ಟಲೇ.