ಕಂಪ್ಯೂಟರ್ ಚಾಲೂ ಆಗವಲ್ದೇನ್ರಿ? ಫಾರ್ಮ್ಯಾಟ್‌ಗೆ ಅವಸರ ಬ್ಯಾಡ

ಸಮಡೋಳಿ: 'ಕಾಕಾ, ನಿನ್ನೆ ರಾತ್ರಿ ತನಕಾ ಛಲೋ ಇತ್ತು. ಇವತ್ತ ಗುಂಡಿ ಒತ್ತಿದ್ರ ಫ್ಯಾನ್ ತಿರಗತೈತಿ, ಪಡದೆ ಮ್ಯಾಲ ಏನೂ ಬರವಲ್ದು!'

ವಾರಣಾ ದಂಡೆಯ ಈ ಊರಿನ ರೈತರ ಮನೆಯೊಂದರಿಂದ ರಿಪೇರಿಯವರಿಗೆ ಹೋದ ಫೋನ್ ಇದು. ಆ ಕಂಪ್ಯೂಟರ್‌ನಲ್ಲಿ ಹಲವು ವರ್ಷದ ಕಬ್ಬಿನ ಬಿಲ್ಲಿನ ಲೆಕ್ಕ, ಸಾತಬಾರಾ ಉತಾರದ ಪ್ರತಿಗಳು, ತೀರಿಕೊಂಡ ಅಜ್ಜನ ಫೋಟೊಗಳಿದ್ದವು. ಬೇರೆ ಕಡೆ ಒಂದೂ ಪ್ರತಿ ಇರಲಿಲ್ಲ. ನೆರೆಯವರು ಕೊಟ್ಟ ಸಲಹೆ ಒಂದೇ: 'ಫಾರ್ಮ್ಯಾಟ್ ಹೊಡಸರಿ, ಸರಿ ಆಗತೈತಿ.'

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ ಆಗುವುದು ಇಲ್ಲಿಯೇ. ಕಂಪ್ಯೂಟರ್ ಚಾಲೂ ಆಗದಿದ್ದರೆ ಒಳಗಿನ ಮಾಹಿತಿ ಹೋಯಿತೆಂದು ಅರ್ಥವಲ್ಲ. ಅದು ಹಾರ್ಡ್‌ಡಿಸ್ಕ್‌ನಲ್ಲಿ ಇರುತ್ತದೆ. ಕೆಟ್ಟಿರುವುದು ಬೇರೆ ಭಾಗ ಇರಬಹುದು. ಆದರೆ ಫಾರ್ಮ್ಯಾಟ್ ಮಾಡಿದರೆ ಇದ್ದದ್ದೂ ಹೋದೀತು.

ಮೊದಲು ಗೋಡೆಯ ಪ್ಲಗ್ಗು

ದೀಪವೂ ಇಲ್ಲ, ಫ್ಯಾನ್ ಸದ್ದೂ ಇಲ್ಲ ಎಂದರೆ ಕರೆಂಟು ಒಳಗೆ ಹೋಗುತ್ತಿಲ್ಲ. ಅದೇ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ನಂತರ ಯುಪಿಎಸ್, ವೈರು, ಡಬ್ಬಿಯ ಹಿಂದಿನ ಸಣ್ಣ ಸ್ವಿಚ್ಚು ಪರೀಕ್ಷಿಸಿ. ಎಲ್ಲ ಸರಿಯಿದ್ದರೆ ಸಂಶಯ ಎಸ್‌ಎಂಪಿಎಸ್ ಮೇಲೆ. ಇದನ್ನು ಮನೆಯಲ್ಲಿ ಬಿಚ್ಚಲೇಬಾರದು. ಪ್ಲಗ್ಗು ತೆಗೆದ ಮೇಲೂ ಅದರೊಳಗೆ ವಿದ್ಯುತ್ ಉಳಿದಿರುತ್ತದೆ.

ಫ್ಯಾನ್ ತಿರುಗಿ ಪಡದೆ ಕಪ್ಪಾಗಿಯೇ ಇದ್ದರೆ ಮಾನಿಟರ್ ಕೇಬಲ್ ಬಿಚ್ಚಿ ಮತ್ತೆ ಹಾಕಿ. ಜತೆಗೆ ಬೀಪ್ ಬೀಪ್ ಎಂದು ಕೂಗಿದರೆ, ಹಲವು ಕಂಪ್ಯೂಟರ್‌ಗಳಲ್ಲಿ ಅದು ರ‍್ಯಾಮ್ ದೂರು. ಪ್ಲಗ್ಗು ತೆಗೆದು, ಡಬ್ಬಿಯ ಲೋಹ ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ ಇಳಿಸಿ, ರ‍್ಯಾಮ್ ಹೊರತೆಗೆದು ಅದರ ಹಳದಿ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಬೇಕು. ಮಳೆಗಾಲದ ತಂಪಿಗೆ ಈ ಅಂಚು ಮಬ್ಬಾಗುವುದುಂಟು. ಕೈ ಅಭ್ಯಾಸ ಇಲ್ಲದವರು ತಿಳಿದವರಿಂದಲೇ ಮಾಡಿಸಲಿ.

ಪಡದೆ ಮೇಲೆ ಇಂಗ್ಲಿಷ್ ಅಕ್ಷರ ಬಂದು ನಿಂತರೆ ಅಳಿಸುವ ಮೊದಲು ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಡಿಸ್ಕ್ ಸಿಗಲಿಲ್ಲ ಎಂಬ ಸಂದೇಶವಿದ್ದರೆ ಚುಚ್ಚಿಟ್ಟ ಪೆನ್‌ಡ್ರೈವ್ ತೆಗೆದು ಮತ್ತೆ ಚಾಲೂ ಮಾಡಿ. ತಾರೀಖು ಹಳೆಯದು ತೋರಿಸಿದರೆ ಒಳಗಿನ 3 ವೋಲ್ಟ್‌ನ ಗುಂಡಿ ಸೆಲ್ ಮುಗಿದಿರಬಹುದು. ಹಾರ್ಡ್‌ಡಿಸ್ಕ್ 'ಟಕ್ ಟಕ್' ಎಂದರೆ ಮಾತ್ರ ತಕ್ಷಣ ಬಂದ್ ಮಾಡಿ. ಪದೇ ಪದೇ ಚಾಲೂ ಮಾಡಿದಷ್ಟೂ ಮಾಹಿತಿ ಉಳಿಯುವ ಆಸೆ ಕಡಿಮೆ.

ನೀರು ಕಂಡ ಕಂಪ್ಯೂಟರ್

2005, 2019, 2021ರ ಮಹಾಪೂರ ಕಂಡ ಸಾಂಗಲಿ ಜಿಲ್ಲೆಗೆ ಇನ್ನೊಂದು ಮಾತು. ನೀರು ಹೊಕ್ಕ ಕಂಪ್ಯೂಟರನ್ನು 'ನೋಡೋಣು' ಎಂದು ಚಾಲೂ ಮಾಡಬೇಡಿ. ಹಸಿ ಇದ್ದಾಗ ಕರೆಂಟು ಹರಿದರೆ ಶಾರ್ಟ್ ಆಗಿ ಉಳಿಯಬಹುದಾದ ಭಾಗವೂ ಸುಡುತ್ತದೆ. ಪೂರದ ಸುದ್ದಿ ಬಂದಾಗ ಡಬ್ಬಿಯನ್ನು ಅಟ್ಟಕ್ಕೆ ಏರಿಸಿ. ಅಷ್ಟು ಹೊತ್ತಿಲ್ಲದಿದ್ದರೆ ಲೆಕ್ಕ, ಫೋಟೊ ಇಟ್ಟ ಪ್ರತಿಯನ್ನಾದರೂ ಕಾಗದಪತ್ರದ ಚೀಲದಲ್ಲಿ ಒಯ್ಯಿರಿ.

ಆ ರೈತರ ಮನೆಯಲ್ಲಿ ಕೊನೆಗೆ ಕೆಟ್ಟಿದ್ದಾದರೂ ಏನು? ರ‍್ಯಾಮ್ ಅಂಚಿನ ಮಬ್ಬು. ರಬ್ಬರ್ ಉಜ್ಜಿ ಕೂರಿಸಿದ ಮೇಲೆ ಪಡದೆ ಬೆಳಗಿತು. ಆದರೆ ರಿಪೇರಿಯವರು ಅಲ್ಲಿಗೇ ಎದ್ದು ಹೋಗಲಿಲ್ಲ. 'ತಂಗಿ, ಮೊದಲ ಎರಡ ಪ್ರತಿ ಮಾಡು. ಒಂದ ಮನ್ಯಾಗ ಇಡು, ಒಂದ ಅತ್ತಿ ಮನ್ಯಾಗ ಇಡು. ನನ್ನ ಪಗಾರ ಆಮ್ಯಾಲ' ಎಂದರು.

ಅಜ್ಜನ ಫೋಟೊಗಳು ಈಗ ಎರಡು ಊರಿನಲ್ಲಿವೆ. ನಿಮ್ಮ ಮನೆಯವು ಎಷ್ಟು ಕಡೆ ಇವೆ? ಕಂಪ್ಯೂಟರ್ ಛಲೋ ಇದ್ದಾಗಲೇ ಒಮ್ಮೆ ನೋಡಿಕೊಳ್ಳಿ.