ಹಿಮವಿಲ್ಲದ ನಾಡಿನಲ್ಲಿ ಹಿಮದ ಆಟ

ರೋಹಿಣಿ ಮಳೆ ಬೀಳುವ ಮೊದಲೇ ನಮ್ಮ ದೇಗಾಂವದ ರೈತನು ಕೂರಿಗೆಯನ್ನು ಸಜ್ಜುಗೊಳಿಸಿಕೊಳ್ಳುತ್ತಾನೆ. ಹಿಮದ ಮೇಲೆ ಜಾರುವ ಸ್ಕೀ ಪಟುವಿಗೂ ಇಂಥದೇ ಸಿದ್ಧತೆ ಬೇಕು. ಹಿಮವಿರುವುದು ವರ್ಷದಲ್ಲಿ ಕೆಲವೇ ತಿಂಗಳು. ಉಳಿದ ಕಾಲದಲ್ಲಿ, ಕಾಲು ತಾನು ಕಲಿತುದನ್ನು ಮರೆಯದಂತೆ ಮಾಡುವುದೆಂತು?

ಇದಕ್ಕೊಂದು ಉಪಾಯ, ಚಕ್ರಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿದ ಇನ್‌ಲೈನ್ ಸ್ಕೇಟು. 1980ರ ಸುಮಾರಿಗೆ ಅಮೆರಿಕದ ಮಿನೆಸೋಟದ ಓಲ್ಸನ್ ಸಹೋದರರು, ಮಂಜುಗಡ್ಡೆಯ ಹಾಕಿ ಆಡುವವರ ಬೇಸಿಗೆಯ ಅಭ್ಯಾಸಕ್ಕೆಂದು ಇದನ್ನು ಬಳಕೆಗೆ ತಂದರು. ಸ್ಕೀ ಪಟುಗಳೂ ಇದನ್ನು ಮೆಚ್ಚಿಕೊಂಡರು. ಮೊಣಕಾಲು ಮಡಿಸಿ, ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಒಯ್ಯುತ್ತ, ಪಾದವನ್ನು ಓರೆಯಾಗಿಸಿ ಪಕ್ಕಕ್ಕೆ ಒತ್ತುವ ಕ್ರಿಯೆ ಎರಡರಲ್ಲಿಯೂ ಇದೆ. ಭೇದವಿರುವುದು ನಿಲ್ಲುವುದರಲ್ಲಿ. ಸ್ಕೀಯನ್ನು ಅಡ್ಡ ತಿರುಗಿಸಿದರೆ ಅದು ಹಿಮವನ್ನು ಕೆರೆದು ವೇಗ ತಗ್ಗುತ್ತದೆ. ಚಕ್ರವಾದರೋ ನೆಲವನ್ನು ಕಚ್ಚಿ ಹಿಡಿಯುತ್ತದೆ. ಆದುದರಿಂದ ಹೊಸಬರು ಇಳಿಜಾರಿನ ಗೊಡವೆಗೆ ಹೋಗದೆ, ಶಿರಸ್ತ್ರಾಣ ಧರಿಸಿ, ಸಮತಟ್ಟಾದ ನೆಲದಲ್ಲಿ ನಿಲ್ಲುವುದನ್ನೇ ಮೊದಲು ಕಲಿಯಬೇಕೆಂದು ನನ್ನ ವಿನಂತಿ.

ಹಿಮಕ್ಕೂ ಕನ್ನಡಿಗರಿಗೂ ಎಲ್ಲಿಯ ನಂಟು ಎಂದು ತಾವು ಕೇಳಬಹುದು. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು 2025ರಲ್ಲಿ ಚಿಲಿ ದೇಶದ ಅಂತರರಾಷ್ಟ್ರೀಯ ಸ್ಪರ್ಧೆಯೊಂದರ 5 ಕಿಲೋಮೀಟರ್ ಸ್ಕೀ ಓಟದಲ್ಲಿ ಕಂಚಿನ ಪದಕ ಗೆದ್ದರು. ಗುಲ್ಮಾರ್ಗದ ಹಿಮ ಕಿತ್ತೂರು ಸೀಮೆಗೆ ಎರಡು ಸಾವಿರ ಕಿಲೋಮೀಟರಿಗೂ ದೂರವಿದೆ, ನಿಜ. ಆದರೆ ಸಮತೋಲವನ್ನು ಕಲಿಯಲು ನಮ್ಮ ಮಕ್ಕಳಿಗೆ ನಯವಾದ ನೆಲವೊಂದಿದ್ದರೆ ಸಾಕು. ಅಷ್ಟನ್ನು ಒದಗಿಸುವುದು ಹಿರಿಯರ ಕೈಯಲ್ಲಿದೆ.