ಕೊಟ್ಟಿಗೆಗೆ ವಾರಸುದಾರರು ಯಾರು?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹಳ್ಳಿಗಳಲ್ಲಿ ನಸುಕಿನಲ್ಲೇ ಡೇರಿಯ ಮುಂದೆ ಹಾಲಿನ ಕ್ಯಾನುಗಳು ಸಾಲುಗಟ್ಟುತ್ತವೆ. ಹಾರೋಬೆಲೆಯಂತಹ ನಮ್ಮ ಕ್ರೈಸ್ತ ಗ್ರಾಮಗಳ ಕುಟುಂಬಗಳೂ ಈ ಬದುಕಿಗೆ ಹೊರತಲ್ಲ. ಆದರೆ ಆ ಸಾಲಿನಲ್ಲಿ ಯುವಕರು ವಿರಳವಾಗುತ್ತಿರುವುದನ್ನು ನಾವು ಕಾಣುತ್ತಿದ್ದೇವೆ.

ಕಾರಣ ಸ್ಪಷ್ಟ. ಬೆಂಗಳೂರು ಹತ್ತಿರವಿದೆ, ಬಿಡದಿಯ ಕಾರ್ಖಾನೆಗಳು ಇನ್ನೂ ಹತ್ತಿರ. ಅಲ್ಲಿ ತಿಂಗಳ ಸಂಬಳವುಂಟು, ವಾರದ ರಜೆಯುಂಟು. ಹಸುವಿಗೆ ಭಾನುವಾರವೆಂಬುದಿಲ್ಲ. ಹಿಂಡಿ, ಬೂಸಾಗಳ ಖರ್ಚು ತಪ್ಪದು. 2013ರ ಕಾಲುಬಾಯಿ ಜ್ವರ, 2022ರ ಚರ್ಮಗಂಟು ರೋಗಗಳಲ್ಲಿ ವಿಮೆಯಿಲ್ಲದ ಹಸುವನ್ನು ಕಳೆದುಕೊಂಡವರಿಗೆ ಉಳಿದದ್ದು ಸಾಲವೊಂದೇ.

ಆದರೂ ಹೈನುಗಾರಿಕೆ ಈ ಸೀಮೆಯ ಆಸರೆ. ಹುಳು ತಿಂದುಳಿದ ಹಿಪ್ಪುನೇರಳೆ ಹಸುವಿಗೆ ಮೇವು; ಹಸುವಿನ ಗೊಬ್ಬರ ಮತ್ತೆ ತೋಟಕ್ಕೆ. ರೇಷ್ಮೆಗೂಡಿನ ದರ ಕುಸಿದಾಗ ಹಾಲಿನ ಬಟವಾಡೆಯೇ ಮಕ್ಕಳ ಶಾಲೆಯ ಶುಲ್ಕವನ್ನು ಭರಿಸುತ್ತದೆ.

ಮಕ್ಕಳನ್ನು ದೂರುವ ಮುನ್ನ ನಮ್ಮನ್ನೇ ಕೇಳಿಕೊಳ್ಳೋಣ. ಸಗಣಿ ಬಾಚುವ ಮಗನಿಗೆ ಬಟವಾಡೆಯಲ್ಲಿ ಪಾಲಿದೆಯೇ? ಹಾಲು ಕರೆಯುವ ಸೊಸೆಯ ಹೆಸರು ಸಂಘದ ಸದಸ್ಯರ ಪಟ್ಟಿಯಲ್ಲಿದೆಯೇ? ದುಡಿಮೆ ಅವರದು, ಲೆಕ್ಕ ಮಾತ್ರ ಹಿರಿಯರದು ಎಂದಾದರೆ ಕೊಟ್ಟಿಗೆಯ ಮೇಲೆ ಮಮತೆ ಹುಟ್ಟುವುದೆಂತು?

ಮೇ 15 ಕೃಷಿಕರ ಪಾಲಕ ಸಂತ ಇಸಿದೋರರ ಹಬ್ಬ. ಮ್ಯಾಡ್ರಿಡ್ ಬಳಿ ಪರರ ಹೊಲದಲ್ಲಿ ದುಡಿದ ಕೂಲಿಯಾಳು ಅವರು. ಅಂದು ಪ್ರತಿ ಮನೆಯಲ್ಲೂ ಒಂದು ಹಸುವನ್ನು, ಅದರ ಹಾಲಿನ ಪುಸ್ತಕವನ್ನು, ವಿಮೆ ಮಾಡಿಸಿ ಮಕ್ಕಳ ಕೈಗೆ ಒಪ್ಪಿಸೋಣ. ಲಾಭವೂ ಹೊಣೆಯೂ ಅವರದಾಗಲಿ. ಪ್ರಿಯ ಓದುಗರೇ, ಉಪದೇಶಕ್ಕಿಂತ ಪಾಲು ದೊಡ್ಡದು.